ಬಿಸ್ಕತ್ತಿನ ಡಬ್ಬಿಯಲ್ಲಿ ರೈಲು: ಹಳೇ ಐರಿಷ್ ಫಿಲ್ಮ್ ಉಳಿಸೋಕೆ ಯಾವ ದಾರಿ ಸರಿ?

ಹೋದ ವರ್ಷ ಪಕ್ಕದ ಮನೆಯ ಅಜ್ಜಿ ಒಂದು ಬಿಸ್ಕತ್ತಿನ ಡಬ್ಬಿ ತಂದು ನನ್ನ ಕೈಗಿಟ್ಟರು. "ನೋಡಪ್ಪ, ಇದರಲ್ಲಿ ನಮ್ಮ ಯಜಮಾನರ ರೈಲುಗಳಿವೆ. ಎಸೆಯೋಕೆ ಮನಸ್ಸಿಲ್ಲ, ನೋಡೋಕೆ ಯಂತ್ರ ಇಲ್ಲ" ಅಂದರು. ಡಬ್ಲಿನ್‌ನ ನಮ್ಮ ಬೀದಿಯಲ್ಲಿ ಕಂಪ್ಯೂಟರ್ ಕೆಲಸದವನು ನಾನೊಬ್ಬನೇ. ಕೆಟ್ಟ ಪ್ರಿಂಟರ್, ಮರೆತ ಪಾಸ್‌ವರ್ಡ್ ಎಲ್ಲ ನನ್ನ ಬಾಗಿಲಿಗೇ ಬರುತ್ತವೆ. ಈ ಸಲ ಬಂದಿದ್ದು ಹನ್ನೆರಡು ಫಿಲ್ಮ್ ರೀಲು. ಮುಚ್ಚಳ ತೆಗೆದ ಕೂಡಲೇ ಗೋಬಿ ಮಂಚೂರಿ ಗಾಡಿಯ ಪಕ್ಕ ನಿಂತ ಹಾಗೆ ವಿನೆಗರ್ ವಾಸನೆ ಮೂಗಿಗೆ ಬಡಿಯಿತು.

ಆ ಡಬ್ಬಿಯ ಜೊತೆ ಒಂದು ವರ್ಷ ಗುದ್ದಾಡಿದ್ದೇನೆ. ಎರಡು ತಪ್ಪು ಮಾಡಿದೆ, ಸ್ವಲ್ಪ ದುಡ್ಡು ಕಳೆದುಕೊಂಡೆ. ಇಂಥ ರೀಲು ನಿಮ್ಮ ಕೈಗೂ ಬಂದರೆ ಮುಂದೆ ಮೂರ್ನಾಲ್ಕು ದಾರಿ ಕಾಣುತ್ತವೆ. ಯಾವುದು ಯಾರಿಗೆ ಸರಿ ಅಂತ ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ.

ಮನೆಯವರು ತೆಗೆದ ಈ ಅಲುಗಾಡೋ ಚಿತ್ರಗಳಿಗೆ ಯಾಕಿಷ್ಟು ಬೆಲೆ? ಐರ್ಲೆಂಡಿನ ಮುಖ್ಯ ರೈಲು ಹಳಿ 1600 ಮಿಲಿಮೀಟರ್ ಅಗಲ. ನಮ್ಮ ಬ್ರಾಡ್‌ಗೇಜಿಗಿಂತ 76 ಮಿಲಿಮೀಟರ್ ಕಡಿಮೆ ಅಷ್ಟೆ. ಇದರ ಜೊತೆಗೆ ದೇಶದ ಅಂಚಿನಲ್ಲಿ, ಬಡ ಜಿಲ್ಲೆಗಳಲ್ಲಿ, ಮೂರಡಿ ಅಗಲದ ಸಣ್ಣ ಹಳಿಗಳಿದ್ದವು. ಕೊನೆಗೆ ಉಳಿದಿದ್ದವು ಹತ್ತೇ ವರ್ಷದಲ್ಲಿ ಒಂದೊಂದಾಗಿ ಹೋದವು. ಡಿಂಗಲ್ ಊರಿನ ದನದ ಸಂತೆಗೆ ಅಂತ ಕೊನೆಕೊನೆಗೆ ತಿಂಗಳಿಗೊಮ್ಮೆ ಓಡುತ್ತಿದ್ದ ರೈಲು 1953ರಲ್ಲಿ ನಿಂತಿತು. ಲಾಕ್ ಸ್ವಿಲ್ಲಿ ರೈಲೂ ಅದೇ ವರ್ಷ. ಕ್ಯಾವನ್ ಮತ್ತು ಲೀಟ್ರಿಮ್ ರೈಲು 1959ರ ಮಾರ್ಚ್‌ನಲ್ಲಿ, ಡೊನೆಗಾಲ್ ರೈಲು ಅದೇ ವರ್ಷದ ಡಿಸೆಂಬರ್ 31ಕ್ಕೆ. ವೆಸ್ಟ್ ಕ್ಲೇರ್ ರೈಲು 1961ರ ಜನವರಿ 31ಕ್ಕೆ. ದೊಡ್ಡ ಹಳಿಯ ಮಾರ್ಗಗಳೂ ಉಳಿಯಲಿಲ್ಲ. ಡಬ್ಲಿನ್‌ನ ಹಾರ್ಕೋರ್ಟ್ ಸ್ಟ್ರೀಟ್ ಮಾರ್ಗ 1958ರ ಕೊನೆಯ ದಿನ ಮುಚ್ಚಿತು. ಈಗ ಅದರ ಬಹುಪಾಲಿನ ಮೇಲೆ ಲುವಾಸ್ ಟ್ರ್ಯಾಮ್ ಓಡುತ್ತದೆ. ನಾನು ದಿನಾ ಕೆಲಸಕ್ಕೆ ಹೋಗೋದು ಅದರಲ್ಲೇ.

ನ್ಯೂಸ್‌ರೀಲಿನವರು ಬಂದರೂ ಕೊನೆಯ ರೈಲಿನ ದಿನ ಬಂದು, ಕೈ ಬೀಸೋ ಜನರನ್ನು ಅರ್ಧ ನಿಮಿಷ ತೆಗೆದು ಹೋಗುತ್ತಿದ್ದರು. ಮಾಮೂಲಿ ಮಂಗಳವಾರ ಹಾಲಿನ ಕ್ಯಾನು ಇಳಿಸಿದ್ದು, ಗಾರ್ಡ್ ಚಹಾ ಕುಡಿದಿದ್ದು, ಇಂಜಿನ್ನಿಗೆ ನೀರು ತುಂಬಿದ್ದು, ಇದನ್ನೆಲ್ಲ ತೆಗೆದವರು ರಜೆಗೆ ಬಂದ ಮೇಷ್ಟ್ರುಗಳು, ಗುಮಾಸ್ತರು, ಪಾದ್ರಿಗಳು. ಕೈಲೊಂದು ಕೀ ಕೊಡೋ ಸಿನೆ ಕ್ಯಾಮೆರಾ, ಜೇಬಲ್ಲಿ ಎರಡು ರೀಲು. ಅವರು ತೆಗೆದ ರೀಲು ಸಾಮಾನ್ಯವಾಗಿ ಒಂದೇ ಪ್ರತಿ. ನೆಗೆಟಿವ್ ಅಂತ ಬೇರೆ ಇರೋದಿಲ್ಲ. ಕ್ಯಾಮೆರಾದಲ್ಲಿ ಓಡಿದ ಫಿಲ್ಮೇ ತೊಳೆದು ಬಂದು ಪ್ರೊಜೆಕ್ಟರಿನಲ್ಲೂ ಓಡುತ್ತಿತ್ತು. ಅದು ಹೋದರೆ ಹೋಯಿತು.

ಮೊದಲು ತೂತು ನೋಡಿ, ವಾಸನೆ ನೋಡಿ

ಯಾವ ದಾರಿ ಹಿಡಿಯಬೇಕು ಅನ್ನೋದು ಫಿಲ್ಮಿನ ಅಗಲದ ಮೇಲೆ ನಿಂತಿದೆ. ಒಂದು ಸ್ಕೇಲು, ಒಂದು ಭೂತಗನ್ನಡಿ ಸಾಕು. 16 ಮಿಲಿಮೀಟರ್ ಫಿಲ್ಮ್ ಕೊಡಾಕ್ ಕಂಪನಿಯದು, 1923ರದು. ತುಸು ಅನುಕೂಲಸ್ಥರು ಬಳಸುತ್ತಿದ್ದರು. 9.5 ಮಿಲಿಮೀಟರ್ ಫ್ರಾನ್ಸಿನ ಪ್ಯಾಥೆಯವರದು, 1922ರದು. ಇದರ ತೂತು ಅಂಚಿನಲ್ಲಿಲ್ಲ, ಎರಡು ಚಿತ್ರಗಳ ನಡುವೆ ಮಧ್ಯದಲ್ಲಿದೆ, ಒಮ್ಮೆ ನೋಡಿದರೆ ಮರೆಯೋದಿಲ್ಲ. ಸ್ಟಾಂಡರ್ಡ್ 8, ಅಂದರೆ 8 ಮಿಲಿಮೀಟರ್, ಬಂದದ್ದು 1932ರಲ್ಲಿ. ಅದರ ತೂತು ದೊಡ್ಡದು, ಚಿತ್ರ ಸಣ್ಣದು. ಅಷ್ಟೇ ಅಗಲದ ಸೂಪರ್ 8 ಬಂದದ್ದು 1965ರಲ್ಲಿ. ತೂತು ಸಣ್ಣದು ಮಾಡಿ ಚಿತ್ರಕ್ಕೆ ಜಾಗ ಜಾಸ್ತಿ ಕೊಟ್ಟರು. ರೀಲಿನ ನಡುವಿನ ಕಿಂಡಿಯೂ ಸೂಪರ್ 8ರಲ್ಲಿ ದೊಡ್ಡದು.

ಇದರಿಂದ ಒಂದು ಉಪಯೋಗ ಇದೆ. ಹರಾಜಿನ ತಾಣದಲ್ಲಿ ಯಾರಾದರೂ "ಡೊನೆಗಾಲ್ ರೈಲು, 1958, ಸೂಪರ್ 8, ಅಸಲಿ" ಅಂತ ಮಾರಿದರೆ ನಗಬಹುದು. 1958ರಲ್ಲಿ ಸೂಪರ್ 8 ಹುಟ್ಟೇ ಇರಲಿಲ್ಲ. ಅದು ಆಮೇಲೆ ಮಾಡಿದ ಪ್ರತಿ. ಪ್ರತಿ ಅಂತ ಗೊತ್ತಿದ್ದು ಕೊಂಡರೆ ತಪ್ಪೇನಿಲ್ಲ, ಅಸಲಿನ ಬೆಲೆ ಕೊಡಬೇಡಿ ಅಷ್ಟೆ.

ಅಜ್ಜಿಯ ಡಬ್ಬಿಯಲ್ಲಿ ಒಂಬತ್ತು ಸ್ಟಾಂಡರ್ಡ್ 8, ಎರಡು ಸೂಪರ್ 8, ಒಂದು 9.5 ಇದ್ದವು. ಅವುಗಳಲ್ಲಿ ಮೂರಕ್ಕೆ ವಿನೆಗರ್ ವಾಸನೆ. ಈ ಫಿಲ್ಮುಗಳ ತಳಹಾಳೆ ಅಸಿಟೇಟ್. ಶಾಖಕ್ಕೂ ತೇವಕ್ಕೂ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ವಿನೆಗರಿನಲ್ಲಿ ಇರೋದೂ ಅದೇ. ಬಿಟ್ಟ ಆಮ್ಲವೇ ಮತ್ತೆ ಫಿಲ್ಮನ್ನು ಬೇಗ ಕೆಡಿಸುತ್ತದೆ. ಮಜ್ಜಿಗೆ ಹುಳಿ ಹಿಡಿಯೋಕೆ ಶುರುವಾದ ಹಾಗೆ, ಶುರುವಾದ ಮೇಲೆ ನಿಲ್ಲಿಸೋಕಾಗೋದಿಲ್ಲ, ನಿಧಾನ ಮಾಡಬಹುದು. ಫಿಲ್ಮ್ ಕುಗ್ಗುತ್ತದೆ, ಸುರುಳಿಯಾಗುತ್ತದೆ, ಕೊನೆಗೆ ಗರಿಗರಿ ಹಪ್ಪಳ. ಹಾಗಾಗಿ ವಾಸನೆ ಬಂದದ್ದನ್ನು ಮೊದಲು ಬೇರೆ ಇಡಿ. ಬಿಗಿಯಾದ ತಗಡಿನ ಡಬ್ಬಿಯಿಂದ ತೆಗೆದು, ಗಾಳಿಯಾಡೋ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಸ್ಕ್ಯಾನಿಂಗ್ ಸರದಿಯಲ್ಲಿ ಅವಕ್ಕೇ ಮೊದಲ ಜಾಗ. ವಾಸನೆ ಇದೆಯೋ ಇಲ್ಲವೋ ಅಂತ ಅನುಮಾನ ಬಂದರೆ ಎ-ಡಿ ಪಟ್ಟಿ ಅಂತ ಸಿಗುತ್ತದೆ. ನೀಲಿ ಕಾಗದ. ಡಬ್ಬಿಯೊಳಗೆ ಇಟ್ಟರೆ ಆಮ್ಲ ಇದ್ದಷ್ಟೂ ಹಸಿರಾಗಿ ಹಳದಿಗೆ ತಿರುಗುತ್ತದೆ.

ಬಣ್ಣದ ವಿಷಯದಲ್ಲಿ ಒಂದು ಸಮಾಧಾನ. ಕೊಡಾಕ್ರೋಮ್ ಫಿಲ್ಮ್ ಕತ್ತಲಲ್ಲಿ ಇಟ್ಟಿದ್ದರೆ ಅರವತ್ತು ವರ್ಷ ಆದ ಮೇಲೂ ಬಣ್ಣ ಹಾಗೇ ಇರುತ್ತದೆ. ಗ್ರೇಟ್ ನಾರ್ದರ್ನ್ ರೈಲು ಕಂಪನಿಯ ಎಕ್ಸ್‌ಪ್ರೆಸ್ ಇಂಜಿನ್‌ಗಳು ಆಕಾಶನೀಲಿ. ಕಪ್ಪು-ಬಿಳುಪು ಚಿತ್ರಗಳಲ್ಲಿ ಅವು ಬೂದು ಬಣ್ಣದ ಯಾವುದೋ ಇಂಜಿನ್. ಕೊಡಾಕ್ರೋಮಿನಲ್ಲಿ ನೋಡಿದಾಗ ಬಾಯಿ ತೆರೆದು ನಿಂತುಬಿಟ್ಟೆ.

ಪ್ರೊಜೆಕ್ಟರ್ ಹುಡುಕಲೇಬೇಡಿ. ಅಟ್ಟದಲ್ಲಿ ಹಳೇದು ಇದ್ದರೂ ಬೇಡ. ಕುಗ್ಗಿದ ಫಿಲ್ಮಿನ ತೂತನ್ನು ಅದರ ಉಗುರು ಹರಿದುಹಾಕುತ್ತದೆ, ನಿಂತರೆ ದೀಪ ಸುಡುತ್ತದೆ. "ಒಂದೇ ಸಲ ನೋಡೋಣ" ಅನ್ನೋ ಆಸೆಗೆ ಎಷ್ಟು ರೀಲು ಬಲಿಯಾಗಿವೆಯೋ.

ಸ್ಕ್ಯಾನಿಂಗ್: ನಿಜವಾದ ಆಯ್ಕೆ ಇಲ್ಲೇ

ಅಗ್ಗದ ದಾರಿ, ಗೋಡೆ ಮೇಲೆ ಓಡಿಸಿ ಫೋನಿನಲ್ಲಿ ತೆಗೆಯೋದು. ಪ್ರೊಜೆಕ್ಟರ್ ಬೇಡ ಅಂದ ಮೇಲೆ ಇದೂ ಮುಗಿಯಿತು. ಮಿನುಗು ಬೇರೆ, ಮಸುಕು ಬೇರೆ.

ಎರಡನೇ ದಾರಿ, ಮನೆಯಲ್ಲೇ ಇಟ್ಟುಕೊಳ್ಳೋ ಪೆಟ್ಟಿಗೆ ಯಂತ್ರ. ಮುನ್ನೂರು ನಾನೂರು ಯೂರೋಗೆ ಸಿಗುತ್ತದೆ. ಸ್ಟಾಂಡರ್ಡ್ 8 ಮತ್ತು ಸೂಪರ್ 8 ಮಾತ್ರ. ಒಂದೊಂದೇ ಚಿತ್ರ ನಿಲ್ಲಿಸಿ ಫೋಟೋ ಹೊಡೆಯುತ್ತದೆ, ಸೆಕೆಂಡಿಗೆ ಸುಮಾರು ಎರಡು. ಸೂಪರ್ 8ರ 50 ಅಡಿ ರೀಲಿನಲ್ಲಿ 3600 ಚಿತ್ರ, ಅಂದರೆ ಅರ್ಧ ಗಂಟೆ. ನಾನು ಮೊದಲು ಕೊಂಡಿದ್ದು ಇದನ್ನೇ. ಅಡುಗೆಮನೆ ಮೇಜಿನ ಮೇಲೆ ಟಕ್ ಟಕ್ ಅಂತ ಓಡುತ್ತಿದ್ದರೆ ಒಂದು ಥರಾ ಖುಷಿ.

ಆ ಖುಷಿ ಮೂರನೇ ರೀಲಿನ ತನಕ. ಹಳೇ ಅಂಟುಪಟ್ಟಿ ಹಾಕಿ ಸೇರಿಸಿದ್ದ ಜಾಗಕ್ಕೆ ಬಂದಾಗ ಫಿಲ್ಮ್ ಸಿಕ್ಕಿಕೊಂಡಿತು. ನಾನು ಕಾಫಿ ಸೋಸೋಕೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಹನ್ನೊಂದು ಚಿತ್ರಗಳ ತೂತು ಹರಿದಿತ್ತು. ಹನ್ನೊಂದು ಅಂದರೆ ಮುಕ್ಕಾಲು ಸೆಕೆಂಡೂ ಇಲ್ಲ. ಆದರೂ ಅವತ್ತು ಅಜ್ಜಿಯ ಮುಖ ನೋಡೋಕೆ ಆಗಲಿಲ್ಲ.

ಇನ್ನೊಂದು ತೊಂದರೆ ಹಬೆ. ಈ ಯಂತ್ರಗಳು ಬೆಳಕನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಕಪ್ಪು ಇಂಜಿನ್ ನಿಂತಿದ್ದಾಗ ಚಿತ್ರ ಬೆಳ್ಳಗೆ ಮಾಡುತ್ತವೆ. ಇಂಜಿನ್ ಹಬೆ ಬಿಟ್ಟ ಕೂಡಲೇ ಎಲ್ಲ ಕತ್ತಲೆ. ಹಬೆ ಚದುರಿದರೆ ಮತ್ತೆ ಬೆಳಕು. ರೈಲು ಹೊರಡೋ ದೃಶ್ಯದಲ್ಲಿ ಯಾರೋ ಸ್ವಿಚ್ ಹಾಕಿ ತೆಗೆದ ಹಾಗೆ ಕಾಣುತ್ತದೆ. ಹುಟ್ಟುಹಬ್ಬದ ರೀಲಿಗೆ ಇದು ನಡೆಯುತ್ತದೆ. ಉಗಿಬಂಡಿಗೆ ನಡೆಯೋದಿಲ್ಲ. ಹಬೆಯೊಳಗಿನ ಬಿಳಿಯ ನೆರಳುಗಳು ಒಮ್ಮೆ ಸುಟ್ಟು ಹೋದರೆ ಆ ಫೈಲಿನಲ್ಲಿ ಮತ್ತೆ ಸಿಗೋದಿಲ್ಲ. ಸಾಲದ್ದಕ್ಕೆ ಆ ಯಂತ್ರ ಕೊಡೋ ಫೈಲು, ಗಾತ್ರ ಇಳಿಸೋಕೆ ಬಿಗಿಯಾಗಿ ಒತ್ತಿದ ಎಂಪಿ4.

ಮೂರನೇ ದಾರಿ, ಒಳ್ಳೇ ಲ್ಯಾಬ್. ಹಲ್ಲಿನ ಚಕ್ರ ಇಲ್ಲದೆ, ಮೆತ್ತನೆ ರೋಲರ್ ಮೇಲೆ ಫಿಲ್ಮ್ ಓಡಿಸೋ ಸ್ಕ್ಯಾನರ್ ಇರೋ ಕಡೆ. ಲೇಸರ್‌ಗ್ರಾಫಿಕ್ಸ್, ಫಿಲ್ಮ್‌ಫ್ಯಾಬ್ರಿಕ್ ಅಂತ ಹೆಸರು ಹೇಳಿದರೆ ಸರಿಯಾದ ಕಡೆ ಬಂದಿದ್ದೀರಿ ಅಂತ. ಕುಗ್ಗಿದ ಫಿಲ್ಮನ್ನೂ ಇವು ತೆಗೆದುಕೊಳ್ಳುತ್ತವೆ. ರೀಲಿಗೆ ಹತ್ತಾರು ಯೂರೋ ಆಗುತ್ತದೆ. ಹೆಚ್ಚು ರೀಲಿದ್ದರೆ ನೋವೇ. ಆದರೂ ನನ್ನ ಓಟು ಇದಕ್ಕೆ. ಹಳೇ ಫಿಲ್ಮನ್ನು ಯಂತ್ರಕ್ಕೆ ಎಷ್ಟು ಸಲ ಹಾಕುತ್ತೀರೋ ಅಷ್ಟು ಸವೆತ. ಒಂದೇ ಸಲ, ಚೆನ್ನಾಗಿ ಆಗಲಿ.

ಲ್ಯಾಬ್ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ನನ್ನ ಎರಡನೇ ತಪ್ಪು ಅದೇ. ಊರಿನ ಒಂದು ಫೋಟೋ ಅಂಗಡಿಯಲ್ಲಿ "ಫಿಲ್ಮ್ ಡಿಜಿಟಲ್ ಮಾಡಿಕೊಡುತ್ತೇವೆ" ಅಂತ ಬೋರ್ಡ್ ಇತ್ತು. ಎರಡು ರೀಲು ಕೊಟ್ಟೆ. ಬಂದಿದ್ದು ಒಂದು ಡಿವಿಡಿ. ನಡುವೆ ಚಿಟ್ಟೆ ಹಾರೋ ಟೈಟಲ್ಲು, ಹಿಂದೆ ಪಿಯಾನೋ ಸಂಗೀತ, ರೈಲು ಚಾರ್ಲಿ ಚಾಪ್ಲಿನ್ ನಡಿಗೆಯಲ್ಲಿ. ಕೊಡುವ ಮುಂಚೆ ಇಷ್ಟು ಕೇಳಿ: ಒಂದೊಂದು ಚಿತ್ರ ಬಿಡಿಯಾಗಿ ಸ್ಕ್ಯಾನ್ ಮಾಡುತ್ತೀರಾ? ಸ್ಕ್ಯಾನರ್ ಯಾವುದು? ಬಿಗಿಯಾಗಿ ಒತ್ತದ ಫೈಲು ಕೊಡುತ್ತೀರಾ? ಚಿತ್ರದ ಅಂಚಿನ ತನಕ ತೆಗೆಯುತ್ತೀರಾ? ಹಳೇ ರೀಲು, ಹಳೇ ಡಬ್ಬಿ, ಮೇಲಿನ ಚೀಟಿ ಎಲ್ಲ ವಾಪಸ್ಸು ಬರುತ್ತದಾ? ಕೊನೆಯದನ್ನು ಮರೆಯಬೇಡಿ. ಕೆಲವರು ಸಣ್ಣ ರೀಲುಗಳನ್ನು ಸೇರಿಸಿ ದೊಡ್ಡದಕ್ಕೆ ಸುತ್ತಿ, ಸಣ್ಣ ಡಬ್ಬಿಗಳನ್ನು ಎಸೆದುಬಿಡುತ್ತಾರೆ. ಯಜಮಾನರು ಪೆನ್ಸಿಲ್‌ನಲ್ಲಿ ಬರೆದ ಎರಡು ಶಬ್ದವೂ ಅದರ ಜೊತೆ ಕಸಕ್ಕೆ ಹೋಗುತ್ತದೆ.

ರೆಸಲ್ಯೂಷನ್ ಬಗ್ಗೆ ಲ್ಯಾಬಿನವರು ಜಾಸ್ತಿ ಮಾರೋಕೆ ನೋಡುತ್ತಾರೆ. ಸ್ಟಾಂಡರ್ಡ್ 8ರ ಚಿತ್ರ ಐದು ಮಿಲಿಮೀಟರ್ ಅಗಲವೂ ಇಲ್ಲ. ಅದಕ್ಕೆ 2ಕೆ, ಅಂದರೆ ಅಡ್ಡಕ್ಕೆ ಸುಮಾರು ಎರಡು ಸಾವಿರ ಚುಕ್ಕಿ, ಸಾಕು. 4ಕೆ ಮಾಡಿಸಿದರೆ ಫಿಲ್ಮಿನ ಕಾಳು ಚೆನ್ನಾಗಿ ಕಾಣುತ್ತದೆ, ಇಂಜಿನ್ ನಂಬರ್ ಅಲ್ಲ. 16 ಮಿಲಿಮೀಟರಿನ ಚಿತ್ರ ವಿಸ್ತೀರ್ಣದಲ್ಲಿ ಅದರ ನಾಲ್ಕು ಪಟ್ಟಿಗೂ ಜಾಸ್ತಿ ದೊಡ್ಡದು. ಅದಕ್ಕೆ 4ಕೆ ಕೇಳಿದರೆ ತಪ್ಪಿಲ್ಲ. ದುಡ್ಡು ಉಳಿಸಬೇಕಾದರೆ ರೆಸಲ್ಯೂಷನ್‌ನಲ್ಲಿ ಉಳಿಸಿ, ಕಡು ಕಪ್ಪಿನಿಂದ ಅಚ್ಚ ಬಿಳಿಯ ತನಕ ಹಿಡಿಯೋ ಬೆಳಕಿನ ವ್ಯಾಪ್ತಿಯಲ್ಲಿ ಉಳಿಸಬೇಡಿ. ಹಬೆ ನೆನಪಿದೆಯಲ್ಲ.

ಬ್ರಿಟನ್ನಿನಲ್ಲಿ ಒಳ್ಳೇ ಲ್ಯಾಬ್‌ಗಳಿವೆ. ಆದರೆ ಬ್ರೆಕ್ಸಿಟ್ ಆದ ಮೇಲೆ ಡಬ್ಲಿನ್‌ನಿಂದ ಪಾರ್ಸೆಲ್ ಕಳಿಸಿದರೆ ಕಸ್ಟಮ್ಸ್ ಕಾಗದ ಬರೆಯಬೇಕು. ನೀವೇ ಹೋಗಿ ಕೊಟ್ಟು ಬರೋದಾದರೆ ಇನ್ನೂ ಒಳ್ಳೇದು. ವಿಮಾನ ನಿಲ್ದಾಣದ ಎಕ್ಸ್-ರೇಗೆ ಹೆದರಬೇಡಿ, ತೊಳೆದ ಫಿಲ್ಮಿಗೆ ಅದರಿಂದ ಏನೂ ಆಗೋದಿಲ್ಲ.

ನಾಲ್ಕನೇ ದಾರಿ ಆರ್ಕೈವಿಗೆ ಕೊಡೋದು. ಡಬ್ಲಿನ್‌ನ ಟೆಂಪಲ್ ಬಾರ್‌ನಲ್ಲಿ ಐರಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಅದರ ಫಿಲ್ಮ್ ಆರ್ಕೈವ್ ಹವ್ಯಾಸಿಗಳ ಫಿಲ್ಮನ್ನೂ ಇಟ್ಟುಕೊಳ್ಳುತ್ತದೆ. ತಂಪು ಕೋಣೆ, ತಿಳಿದ ಜನ, ಶಾಶ್ವತ ಲೆಕ್ಕ. ಮನೆಯ ಬೀರುವಿಗಿಂತ ಫಿಲ್ಮ್ ಅಲ್ಲಿ ಎಷ್ಟೋ ವರ್ಷ ಜಾಸ್ತಿ ಬಾಳುತ್ತದೆ. ಆದರೆ ಬಂದದ್ದೆಲ್ಲ ತೆಗೆದುಕೊಳ್ಳೋಕೆ ಅವರಿಗೂ ಆಗೋದಿಲ್ಲ. ತೆಗೆದುಕೊಂಡರೂ ನಿಮ್ಮ ರೀಲು ನಾಳೆಯೇ ಸ್ಕ್ಯಾನ್ ಆಗೋದಿಲ್ಲ. ಅಜ್ಜಿಗೆ ಎಂಬತ್ತೊಂಬತ್ತು ವರ್ಷ. ಕಾಯೋಕೆ ನಮಗೆ ಟೈಮ್ ಇರಲಿಲ್ಲ. ಹಾಗಾಗಿ ಲ್ಯಾಬಿನಲ್ಲಿ ಸ್ಕ್ಯಾನ್ ಮಾಡಿಸಿ, ಆಮೇಲೆ ಅಸಲಿ ರೀಲುಗಳ ಬಗ್ಗೆ ಆರ್ಕೈವಿನ ಜೊತೆ ಮಾತಾಡೋದು ಅಂತ ನಿರ್ಧರಿಸಿದೆವು. ನಿಮ್ಮ ಹತ್ತಿರ 16 ಮಿಲಿಮೀಟರಿನ ದೊಡ್ಡ ಸಂಗ್ರಹ ಇದ್ದು, ತೆಗೆದವರು ಯಾರು ಅಂತ ಗೊತ್ತಿದ್ದರೆ, ನೇರ ಆರ್ಕೈವಿಗೇ ಮೊದಲು ಬರೆಯಿರಿ.

ವೇಗ, ಶಬ್ದ, ಮತ್ತು ಇಲ್ಲದ್ದನ್ನು ಸೇರಿಸೋ ಚಟ

ಸ್ಟಾಂಡರ್ಡ್ 8 ಸಾಮಾನ್ಯವಾಗಿ ಸೆಕೆಂಡಿಗೆ 16 ಚಿತ್ರ, ಸೂಪರ್ 8 ಸೆಕೆಂಡಿಗೆ 18. ಇದನ್ನು 25ಕ್ಕೆ ಓಡಿಸಿದರೆ ರೈಲು ಒಂದೂವರೆ ಪಟ್ಟು ಜೋರಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ಹೋಗೋ ಪಾಪದ ಬ್ರಾಂಚ್ ಲೈನ್ ರೈಲು 60ರಲ್ಲಿ ಓಡುತ್ತದೆ. ಲೆಕ್ಕ ಸುಲಭ. ಸ್ಟಾಂಡರ್ಡ್ 8ರ 50 ಅಡಿಯಲ್ಲಿ 4000 ಚಿತ್ರ. 16ರಂತೆ ಅದು ನಾಲ್ಕು ನಿಮಿಷ ಹತ್ತು ಸೆಕೆಂಡು ಓಡಬೇಕು. ನಿಮ್ಮ ಫೈಲು ಎರಡು ಮುಕ್ಕಾಲು ನಿಮಿಷಕ್ಕೇ ಮುಗಿದರೆ ಯಾರೋ ಅವಸರ ಮಾಡಿದ್ದಾರೆ ಅಂತ ಅರ್ಥ. ಪ್ಲಾಟ್‌ಫಾರ್ಮಿನಲ್ಲಿ ನಡೆಯೋ ಜನರ ಕಾಲು ನೋಡಿ ಹೊಂದಿಸಿ, ಇಂಜಿನ್ ಚಕ್ರ ನೋಡಿ ಅಲ್ಲ.

ಶಬ್ದದ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸೋದಿಲ್ಲ. ಈ ರೀಲುಗಳು ಮೂಕ. ಬೇರೆ ಯಾವುದೋ ಇಂಜಿನ್ನಿನ ಚುಕುಬುಕು ತಂದು ಅಂಟಿಸಿದರೆ, ಕಿವಿ ಇರೋ ಒಬ್ಬ ಹಳೇ ಡ್ರೈವರ್ ಸಾಕು, ಮಾನ ಹರಾಜು. ಸುಮ್ನೆ ಮೂಕವಾಗೇ ಬಿಡಿ. ಅಥವಾ ನೋಡುತ್ತಾ ಮಾತಾಡೋ ಹಿರಿಯರ ದನಿ ರೆಕಾರ್ಡ್ ಮಾಡಿ ಹಾಕಿ. ಅದಕ್ಕಿಂತ ಒಳ್ಳೇ ಶಬ್ದಪಟ್ಟಿ ಇಲ್ಲ.

ಎಐ ಬಳಸಿ 4ಕೆ ಮಾಡೋದು, ಸೆಕೆಂಡಿಗೆ 60 ಚಿತ್ರ ಮಾಡೋದು ಈಗಿನ ಫ್ಯಾಷನ್. ನಾನೂ ಒಂದು ಮಳೆಗಾಲದ ಭಾನುವಾರ ಪ್ರಯತ್ನಿಸಿದೆ. ಇಂಜಿನ್ನಿನ ಚಕ್ರಗಳನ್ನು ಜೋಡಿಸೋ ಕಬ್ಬಿಣದ ಸರಳು ಬೆಣ್ಣೆಯಂತೆ ಬಾಗಿತು. ನಂಬರ್ ಪ್ಲೇಟಿನ ಮಸುಕು 5, ಖಚಿತವಾದ 6 ಆಯಿತು. ಮಸುಕಾಗಿದ್ದರೆ "ಗೊತ್ತಾಗುತ್ತಿಲ್ಲ" ಅಂತ ನೋಡುವವರಿಗೆ ತಿಳಿಯುತ್ತದೆ. ಸ್ಪಷ್ಟವಾದ ಸುಳ್ಳನ್ನು ನಂಬಿಬಿಡುತ್ತಾರೆ. ಧೂಳು ತೆಗೆಯಿರಿ, ಅಲುಗಾಟ ಕಡಿಮೆ ಮಾಡಿ, ಬಣ್ಣ ತುಸು ಸರಿಮಾಡಿ. ಅಲ್ಲಿಗೆ ಕೈ ತೊಳೆಯಿರಿ. ಅದನ್ನೂ ಹಂಚೋ ಪ್ರತಿಯಲ್ಲಿ ಮಾತ್ರ, ಮೂಲ ಫೈಲಿನಲ್ಲಿ ಅಲ್ಲ.

ಮೂಲ ಫೈಲು ಅಂದರೆ ಯಾವುದು? ಲ್ಯಾಬಿನವರು ಪ್ರೋರೆಸ್ ಅಥವಾ ಎಫ್‌ಎಫ್‌ವಿ1 ಅನ್ನೋ ಬಗೆಯ ಫೈಲು ಕೊಡುತ್ತಾರೆ. ಎಫ್‌ಎಫ್‌ವಿ1 ಏನನ್ನೂ ಬಿಸಾಡದೆ ಒತ್ತುತ್ತದೆ, ಯಾರ ಸ್ವತ್ತೂ ಅಲ್ಲ, ಆರ್ಕೈವ್‌ನವರಿಗೆ ಇಷ್ಟ. ಪ್ರೋರೆಸ್ ಆಪಲ್‌ನದು, ಸ್ವಲ್ಪ ಬಿಸಾಡುತ್ತದೆ, ಆದರೆ ಎಡಿಟಿಂಗ್ ಸಾಫ್ಟ್‌ವೇರ್‌ಗಳೆಲ್ಲ ತೆರೆಯುತ್ತವೆ. ಮನೆಮಟ್ಟಿಗೆ ಪ್ರೋರೆಸ್ 422 ಎಚ್‌ಕ್ಯೂ ಸಾಕು. 2ಕೆ ಗಾತ್ರದ ಚಿತ್ರಕ್ಕೆ ನಿಮಿಷಕ್ಕೆ ಒಂದು ಗಿಗಾಬೈಟ್ ಅಂದಾಜು ಇಟ್ಟುಕೊಳ್ಳಿ. ಹನ್ನೆರಡು ರೀಲಿಗೆ ನನಗೆ ಒಟ್ಟು 50 ಗಿಗಾಬೈಟ್ ಚಿಲ್ಲರೆ ಆಯಿತು. ಎರಡು ಹಾರ್ಡ್ ಡಿಸ್ಕ್, ಒಂದು ನಮ್ಮ ಮನೆಯಲ್ಲಿ, ಒಂದು ಗಾಲ್ವೇಯಲ್ಲಿರೋ ಅಜ್ಜಿಯ ಮಗಳ ಮನೆಯಲ್ಲಿ. ಮೂರನೆಯದು ಕ್ಲೌಡ್‌ನಲ್ಲಿ. ಡಿವಿಡಿ ಬೇಡ.

ಸ್ಕ್ಯಾನ್ ಆದ ಮೇಲೆ ರೀಲು ಎಸೆಯಬಹುದಾ ಅಂತ ಅಜ್ಜಿಯ ಮೊಮ್ಮಗ ಕೇಳಿದ. ಬೇಡಪ್ಪ. ಹಾರ್ಡ್ ಡಿಸ್ಕಿಗೆ ಐದಾರು ವರ್ಷ ಆಯುಸ್ಸು, ಚೆನ್ನಾಗಿಟ್ಟ ಕೊಡಾಕ್ರೋಮ್ ಆಗಲೇ ಅರವತ್ತು ದಾಟಿದೆ.

ಎಲ್ಲಿ ಹಂಚೋದು?

ಜನ ನೋಡಬೇಕು ಅಂದರೆ ಯೂಟ್ಯೂಬ್. ಅದಕ್ಕೆ ಸಾಟಿ ಇಲ್ಲ. ಯಾರೋ ಆಸ್ಟ್ರೇಲಿಯಾದಿಂದ "ಆ ಸಿಗ್ನಲ್‌ಮನ್ ನಮ್ಮ ಚಿಕ್ಕಪ್ಪ" ಅಂತ ಬರೆಯೋದು ಅಲ್ಲೇ. ಆದರೆ ಅದನ್ನು ಉಳಿಸೋ ಜಾಗ ಅಂದುಕೊಳ್ಳಬೇಡಿ. ಅವರು ಚಿತ್ರವನ್ನು ಮತ್ತೆ ಒತ್ತುತ್ತಾರೆ, ಕಾಳು ಮತ್ತು ಹಬೆ ಎರಡೂ ಚೌಕ ಚೌಕವಾಗುತ್ತವೆ. ಒಂದು ಉಪಾಯ ಇದೆ. 2ಕೆ ಚಿತ್ರವನ್ನೇ ಮಾಮೂಲಿ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ 4ಕೆ ಗಾತ್ರಕ್ಕೆ ಹಿಗ್ಗಿಸಿ ಏರಿಸಿದರೆ ಅವರ ಒತ್ತಡ ಸ್ವಲ್ಪ ಕಡಿಮೆಯಾಗುತ್ತದೆ. ಹಿನ್ನೆಲೆ ಸಂಗೀತ ಹಾಕಿದರೆ ಹಕ್ಕಿನ ತಕರಾರು ಬರುತ್ತದೆ. ಮೂಕವಾಗೇ ಬಿಡಿ ಅಂದದ್ದಕ್ಕೆ ಇದೂ ಒಂದು ಕಾರಣ.

ಇಂಟರ್ನೆಟ್ ಆರ್ಕೈವ್ ಬೇರೆ ಥರ. ನೀವು ಏರಿಸಿದ ಫೈಲನ್ನೇ ಬೇರೆಯವರು ಇಳಿಸಿಕೊಳ್ಳಬಹುದು. ರೈಲಿನ ಇತಿಹಾಸ ಬರೆಯುವವರಿಗೆ ಅದು ಬೇಕು, ಚಿತ್ರ ನಿಲ್ಲಿಸಿ ಹಿಗ್ಗಿಸಿ ನೋಡಬೇಕಲ್ಲ. ಆದರೆ ಅಲ್ಲಿ ತಾವಾಗಿ ಬಂದು ನೋಡುವವರು ಕಡಿಮೆ. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಾಗಿ ಕೆಲವು ದಿನ ಅದು ಬಾಗಿಲು ಮುಚ್ಚಿತ್ತು ಅನ್ನೋದೂ ನೆನಪಿರಲಿ. ನನ್ನ ಆಯ್ಕೆ: ಚಿಕ್ಕ ತುಣುಕು ಯೂಟ್ಯೂಬಿಗೆ, ಪೂರ್ತಿ ರೀಲು ಇಂಟರ್ನೆಟ್ ಆರ್ಕೈವಿಗೆ, ಎರಡಕ್ಕೂ ಒಂದೇ ಹೆಸರು.

ಐರಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2016ರಿಂದ ಆರ್ಕೈವ್ ಪ್ಲೇಯರ್ ನಡೆಸುತ್ತಿದೆ. ಬೆಂಗಳೂರಿನಲ್ಲಿ ಕೂತು ಬಿಟ್ಟಿಯಾಗಿ ನೋಡಬಹುದು. ಅಲ್ಲಿ ಬರೋದು ಆಯ್ದ ಚಿತ್ರ, ಜೊತೆಗೆ ಸರಿಯಾದ ವಿವರ. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಕಡೆಯ ರೀಲಾದರೆ ನಾರ್ದರ್ನ್ ಐರ್ಲೆಂಡ್ ಸ್ಕ್ರೀನ್‌ನವರ ಡಿಜಿಟಲ್ ಫಿಲ್ಮ್ ಆರ್ಕೈವ್ ಇದೆ. ಗಡಿ ನೋಡಿ ಆರಿಸೋಕೆ ಕಾರಣ ಇದೆ. ದಕ್ಷಿಣದಲ್ಲಿ ಸರ್ಕಾರಿ ಸಾರಿಗೆ ಕಂಪನಿ ಸಿಐಇ 1963ರ ಹೊತ್ತಿಗೆ ಉಗಿಬಂಡಿ ಬಿಟ್ಟಿತು. ಉತ್ತರದಲ್ಲಿ 1970ರ ತನಕ ಓಡಿದವು. ಹಾಗಾಗಿ ಸೂಪರ್ 8ರಲ್ಲಿ ದಿನಬಳಕೆಯ ಉಗಿಬಂಡಿ ಕಂಡರೆ ಅದು ಹೆಚ್ಚುಕಮ್ಮಿ ಉತ್ತರದ್ದೇ. ಇಲ್ಲದಿದ್ದರೆ ಅಭಿಮಾನಿಗಳು ಓಡಿಸಿದ ವಿಶೇಷ ರೈಲು. ಅಭಿಮಾನಿಗಳ ಸಂಸ್ಥೆ, ರೈಲ್ವೇ ಪ್ರಿಸರ್ವೇಷನ್ ಸೊಸೈಟಿ ಆಫ್ ಐರ್ಲೆಂಡ್, ಶುರುವಾಗಿದ್ದು 1964ರಲ್ಲಿ.

ಹಕ್ಕಿನ ಮಾತು ಚಿಕ್ಕದಾಗಿ. ರೀಲು ನಿಮ್ಮ ಕೈಲಿದೆ ಅಂದರೆ ಕಾಪಿರೈಟ್ ನಿಮ್ಮದು ಅಂತಲ್ಲ. ಐರ್ಲೆಂಡಿನ 2000ದ ಕಾನೂನಿನಂತೆ ಸಿನಿಮಾದ ಹಕ್ಕು ನಿರ್ದೇಶಕರು ಮುಂತಾದವರಲ್ಲಿ ಕೊನೆಯವರು ತೀರಿಕೊಂಡ 70 ವರ್ಷದ ತನಕ ಉಳಿಯುತ್ತದೆ. ಅಂಗಡಿಯಲ್ಲಿ, ಹರಾಜಿನಲ್ಲಿ ಕೊಂಡ ರೀಲು ನಿಮ್ಮದು, ಅದರೊಳಗಿನ ಚಿತ್ರ ತೆಗೆದವರ ಮಕ್ಕಳದ್ದಾಗಿರಬಹುದು. ನಮ್ಮ ವಿಷಯದಲ್ಲಿ ಅಜ್ಜಿ ಒಂದು ಹಾಳೆಯಲ್ಲಿ ಒಪ್ಪಿಗೆ ಬರೆದು ಸಹಿ ಹಾಕಿದರು. ಅದನ್ನೂ ಸ್ಕ್ಯಾನ್ ಮಾಡಿ ರೀಲುಗಳ ಜೊತೆಗೇ ಇಟ್ಟಿದ್ದೇನೆ.

ಊರವರನ್ನು ಸೇರಿಸಿ ಒಂದು ಹಾಲ್‌ನಲ್ಲಿ ತೋರಿಸೋದನ್ನು ಯಾರೂ ಒಂದು ಆಯ್ಕೆ ಅಂತ ಲೆಕ್ಕಕ್ಕೆ ಹಿಡಿಯೋದಿಲ್ಲ. ನನಗೆ ಅದೇ ಎಲ್ಲದಕ್ಕಿಂತ ಇಷ್ಟ. ಹೋಮ್ ಮೂವಿ ಡೇ ಅಂತ 2003ರಿಂದ ಪ್ರಪಂಚದ ಬೇರೆ ಬೇರೆ ಊರುಗಳಲ್ಲಿ ಅಕ್ಟೋಬರ್ ಹೊತ್ತಿಗೆ ಮಾಡುತ್ತಾರೆ. ಅದಿಲ್ಲದಿದ್ದರೂ ಲೈಬ್ರರಿ ಇದೆ, ಚಹಾ ಇದೆ. ಪ್ರಶ್ನೆ ಕೇಳಿದರೆ "ಏನೂ ನೆನಪಿಲ್ಲ" ಅನ್ನೋ ಹಿರಿಯರು ಚಿತ್ರ ಕಂಡ ಕೂಡಲೇ ಎದ್ದು ನಿಲ್ಲುತ್ತಾರೆ.

ಎಲ್ಲಿ, ಯಾವಾಗ?

ಎಲ್ಲಿಯದು ಯಾವಾಗಿನದು ಅಂತ ಗೊತ್ತಿಲ್ಲದ ರೈಲು ಚಿತ್ರ ಬರೀ ಹೊಗೆ. ಈ ಕೆಲಸಕ್ಕೆ ದುಡ್ಡು ಬೇಡ, ಟೈಮ್ ಬೇಕು. ಒಂದು ರೀಲಿನ ಡಬ್ಬಿ ಮೇಲೆ ಪೆನ್ಸಿಲ್‌ನಲ್ಲಿ ಎರಡೇ ಶಬ್ದ ಇತ್ತು: "ಎನ್ನಿಸ್, ಮಳೆ". ವರ್ಷ ಇಲ್ಲ.

ಎನ್ನಿಸ್ ಅಂದರೆ ವೆಸ್ಟ್ ಕ್ಲೇರ್ ರೈಲು ಹೊರಡೋ ಊರು. ಅಲ್ಲಿಂದ ಮೊಯಾಸ್ಟಾಗೆ ಹೋಗಿ, ಕಿಲ್ಕೀಗೆ ಒಂದು ಕವಲು, ಕಿಲ್‌ರಶ್‌ಗೆ ಒಂದು ಕವಲು. ಕೊಡಾಕ್ ಫಿಲ್ಮಿನ ಅಂಚಿನಲ್ಲಿ ಚುಕ್ಕಿ, ಚೌಕ, ತ್ರಿಕೋನದ ಗುರುತುಗಳಿರುತ್ತವೆ. ಫಿಲ್ಮ್ ತಯಾರಾದ ವರ್ಷ ಅದರಿಂದ ತಿಳಿಯುತ್ತದೆ, ಆದರೆ ಗುರುತು 20 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಅಂಚಿನ ತನಕ ಸ್ಕ್ಯಾನ್ ಮಾಡಿಸಿ ಅಂದದ್ದು ಇದಕ್ಕೇ. ನಮ್ಮದು 1938 ಅಥವಾ 1958 ಅಂತ ಹೇಳಿತು. ಚಿತ್ರದಲ್ಲಿ ಓಡಿದ್ದು ಪುಟ್ಟ ಡೀಸೆಲ್ ರೈಲ್‌ಕಾರ್. ವೆಸ್ಟ್ ಕ್ಲೇರಿಗೆ ಅವು ಬಂದದ್ದು 1952ರಲ್ಲಿ. ಹಿಂದೆ ಇನ್ನೊಂದು ಹಳಿ ಮೇಲೆ ಡೀಸೆಲ್ ಇಂಜಿನ್ನಿನ ಮೂತಿಯೂ ಕಂಡಿತು, ಅವು 1955ರವು. ಅಲ್ಲಿಗೆ 1938 ಬಿತ್ತು. 1958 ಅಂತ ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಅಜ್ಜಿಯ ಮನೆಗೆ ಹೋದೆ. ಸೆಕೆಂಡಿಗೆ 16ರ ಸರಿಯಾದ ವೇಗದಲ್ಲಿ ಹಾಕಿದೆ. ಪ್ಲಾಟ್‌ಫಾರ್ಮ್ ಒದ್ದೆ. ರೈಲ್‌ಕಾರ್ ಬಂತು, ನಿಂತಿತು. ಇಬ್ಬರು ಇಳಿದರು. ಎಡಗಡೆ ಅಂಚಿನಲ್ಲಿ, ಬೆನ್ನು ಮಾತ್ರ ಕಾಣೋ ಒಬ್ಬ ಹುಡುಗಿ ಕೆಂಪು ಛತ್ರಿ ಬಿಚ್ಚಿದಳು. ನಾನು ಆ ಛತ್ರಿಯನ್ನು ಅದುವರೆಗೆ ಗಮನಿಸಿಯೇ ಇರಲಿಲ್ಲ, ನನ್ನ ಕಣ್ಣೆಲ್ಲ ರೈಲಿನ ಮೇಲೆ.

"ನಿಲ್ಲಿಸಪ್ಪ" ಅಂದರು ಅಜ್ಜಿ. ನಿಲ್ಲಿಸಿದೆ. ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. "58 ಅಲ್ಲ ಇದು. ಆ ಛತ್ರಿ ಲಿಮರಿಕ್‌ನಲ್ಲಿ ಕೊಂಡಿದ್ದು, 59ರ ಈಸ್ಟರ್‌ಗೆ. ಫಿಲ್ಮ್ ದುಬಾರಿ ಅಂತ ಒಂದು ವರ್ಷ ಬೀರುವಿನಲ್ಲಿ ಇಟ್ಟಿದ್ದರು ಮಹರಾಯರು."

ಮನೆಗೆ ಬಂದು ಫೈಲಿನ ಹೆಸರು ತಿದ್ದಿದೆ. ವಿವರದ ಜಾಗದಲ್ಲಿ ರೈಲ್‌ಕಾರ್, ಡೀಸೆಲ್ ಇಂಜಿನ್, ಹಳಿಯ ಅಗಲ ಎಲ್ಲ ಬರೆದಿತ್ತು. ಕೆಳಗೆ ಒಂದು ಸಾಲು ಸೇರಿಸಿದೆ: 1959, ಈಸ್ಟರ್ ಆದ ಮೇಲೆ. ಎಡಗಡೆ ಕೆಂಪು ಛತ್ರಿ, ತೆಗೆದವರ ಹೆಂಡತಿಯದು.